ರೂತಮ್ಮ ಹೊರಗೆ ಕೂತ ವರ್ಷ

ಮೊನ್ನೆ ತೊಗರಿಬೇಳೆ ತರಲೆಂದು ಕಲಬುರಗಿಯ ನೆಹರು ಗಂಜ್‌ಗೆ ಹೋಗಿದ್ದೆ. ಹೊಸ ತೊಗರಿ ಬಂದಿತ್ತು. ಹಮಾಲರು ಲಾರಿಯಿಂದ ಚೀಲ ಇಳಿಸುತ್ತಿದ್ದರು, ಒಂದೊಂದು ಚೀಲ ನೆಲಕ್ಕೆ ಬಿದ್ದಾಗಲೂ ಧೂಳು ಏಳುತ್ತಿತ್ತು. ಆ ಧೂಳಿಗೊಂದು ವಾಸನೆ ಇದೆ. ಬಿಸಿಲು, ಹೊಟ್ಟು, ಒಣಗಿದ ಕಾಯಿ ಎಲ್ಲ ಕಲೆತದ್ದು. ಮೂಗಿಗೆ ಬಿದ್ದದ್ದೇ ತಡ, ಮೊದಲು ಸೀನು ಬಂತು, ಅದರ ಹಿಂದೆಯೇ ಕಮಲಾಪುರ ನೆನಪಿಗೆ ಬಂತು. ಬೇಳೆಯ ಅಂಗಡಿಯವನು ಎಷ್ಟು ಕಿಲೋ ಎಂದು ಕೇಳುತ್ತಲೇ ಇದ್ದ, ನಾನು ಮನಸ್ಸಿನಲ್ಲೇ ರೂತಮ್ಮನ ಹಿಂದೆ ಶರಣಮ್ಮನ ಕಣಕ್ಕೆ ನಡೆದುಹೋಗುತ್ತಿದ್ದೆ.

ನಮ್ಮವರು ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರು. ಮದುವೆಯಾದ ಮರುವರ್ಷ ಅವರನ್ನು ಕಮಲಾಪುರದ ಸಭೆಗೆ ಹಾಕಿದರು. ನಾನು ಹುಟ್ಟಿ ಬೆಳೆದದ್ದೆಲ್ಲ ಕಲಬುರಗಿ ಶಹರದಲ್ಲಿ. ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು ಬರುವ ಊರು ಎಂಬುದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಮೊದಲ ಮಳೆ ಬಿದ್ದ ವಾರ ಸಾಮಾನು ತುಂಬಿದ ಟೆಂಪೊದಲ್ಲಿ ಹೋಗಿ ಇಳಿದೆವು. ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ನಡೆಯುವಾಗ ನಾನು ದಿಢೀರನೆ ಎತ್ತರವಾಗಿಬಿಟ್ಟಿದ್ದೆ. ಚರ್ಚಿನ ಪಕ್ಕದಲ್ಲೇ ಎರಡು ಕೋಣೆಯ ಮನೆ. ಸಭೆಯ ಬಹಳಷ್ಟು ಮಂದಿ ಹೊಲದ ಕೂಲಿಗೆ ಹೋಗುವವರು. ಕೆಲವರಿಗೆ ಸರಕಾರಿ ನೌಕರಿ, ಕೆಲವರಿಗೆ ತುಂಡು ಹೊಲ. ಅವರೆಲ್ಲ ನಮ್ಮವರನ್ನು ಅಯ್ಯೋರ ಎಂದರು, ಅವರ ಮಗಳ ವಯಸ್ಸಿನವಳಾದ ನನ್ನನ್ನು ಅಮ್ಮೋರ ಎಂದರು. ಅಮ್ಮೋರ ಆಗುವುದು ನನಗೆ ಬಹಳ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ.

ಯೇಸುವಿನ ನೆನಪಿಗೆ ಸಭೆಯೆಲ್ಲ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ಕರ್ತನ ಭೋಜನದ ಮೊದಲ ಭಾನುವಾರ ಬಂತು. ಹಿಂದಿನ ದಿನ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ತೆಳುಬಟ್ಟೆಯಲ್ಲಿ ಸೋಸಿ ರಸ ಮಾಡಿಟ್ಟಿದ್ದೆ. ರೊಟ್ಟಿಗೆ ಬೇಕಾದ ಬ್ರೆಡ್ಡು ಕಲಬುರಗಿಯಿಂದ ಬಸ್ಸಿನಲ್ಲಿ ಬಂದಿತ್ತು. ನಮ್ಮವರು ಹೊಸದಾಗಿ ಅಭಿಷೇಕವಾದವರು, ಅವರ ಹುರುಪು ಕೇಳಬೇಡಿ. ಶಹರದ ಚರ್ಚಿನಲ್ಲಿ ಈ ಭೋಜನಕ್ಕೆ ಕರೆಯುವ ಮಾತುಗಳನ್ನು ಪಾಸ್ಟರು ಹೇಳಿ ಮುಗಿಸುವಷ್ಟರಲ್ಲಿ ನಾವು ಸೆರಗು ಸರಿಮಾಡಿಕೊಂಡು ಸಾಲಿನಲ್ಲಿ ನಿಂತಿರುತ್ತಿದ್ದೆವು. ಇವರು ಮಾತ್ರ ಪುಸ್ತಕ ಮುಚ್ಚಿಟ್ಟು, ಸಭೆಯ ಮುಖ ನೋಡಿ ಬಿಡಿಸಿ ಹೇಳಿದರು: ಯಾರ ಮೇಲಾದರೂ ಮನಸ್ಸಿನಲ್ಲಿ ಸಿಟ್ಟಿದ್ದರೆ, ಯಾರಿಗಾದರೂ ಅನ್ಯಾಯ ಮಾಡಿದ್ದರೆ, ಮೊದಲು ಎದ್ದು ಹೋಗಿ ಅದನ್ನು ಸರಿಮಾಡಿಕೊಂಡು ಬನ್ನಿ, ಆಮೇಲೆ ಈ ಮೇಜಿಗೆ ಬನ್ನಿ.

ಮಂದಿ ಎದ್ದು ಹೋದರು.

ಮೊದಲು ಹಿಂದಿನ ಸಾಲಿನ ಗಂಡಸರು, ಆಮೇಲೆ ಹೆಂಗಸರು, ಕೊನೆಗೆ ಕಾಣಿಕೆ ತಟ್ಟೆ ಹಿಡಿಯುವ ಹಿರಿಯರೂ. ಗದ್ದಲವಿಲ್ಲ, ಕೋಪವಿಲ್ಲ, ಚಪ್ಪಲಿ ಮೆಟ್ಟಿಕೊಂಡು ಒಬ್ಬೊಬ್ಬರಾಗಿ ಮಳೆಯಲ್ಲೇ ಮನೆಗೆ ಹೋದರು. ಒಳಗೆ ಉಳಿದವಳು ನಾನು, ಉಳಿದವನು ಕಿವಿ ಕೇಳದ ಒಬ್ಬ ಅಜ್ಜ. ಆ ಅಜ್ಜ ಅತ್ತಿತ್ತ ನೋಡಿ, "ಏನಾತ್ರಿ ಅಮ್ಮೋರ, ಕರೆಂಟ್ ಹೋತೇನು?" ಎಂದು ಕೇಳಿದ.

ಆ ಭೋಜನದಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ. ಮಧ್ಯಾಹ್ನ ನಾವಿಬ್ಬರೂ ಕೂತು ಊರಿಗೆಲ್ಲ ಸಾಕಾಗುವಷ್ಟು ಬ್ರೆಡ್ಡನ್ನು ತಿನ್ನಬೇಕಾಯಿತು. ಇವರ ಕಣ್ಣಲ್ಲಿ ನೀರು.

"ನಾ ಏನು ತಪ್ಪ ಹೇಳ್ದೆ, ಸುನೀತಾ?"

"ತಪ್ಪೇನು ಹೇಳಿಲ್ರಿ. ನೀವು ಹೇಳಿದ್ದು ಅವ್ರು ಕೇಳ್ಯಾರ. ನಿಮಗ ಅದರ ರೂಢಿ ಇಲ್ಲ, ಅಷ್ಟ."

ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆದರೆ ರಾಜಿ ಮಾಡಿಕೊಳ್ಳಿ ಎಂದು ಹೇಳಿದರೆ ಜನ ಖರೇವಾಗಿಯೂ ಹೋಗಿ ರಾಜಿ ಮಾಡಿಕೊಳ್ಳುವ ಸಭೆ ನಮಗೆ ಸಿಕ್ಕಿದೆ ಎಂಬುದು ಮುಂದಿನ ದಿನಗಳಲ್ಲಿ ತಿಳಿಯಿತು. ಆ ತಿಂಗಳೆಲ್ಲ ಮಳೆ, ಹೊಲದಲ್ಲಿ ಕಳೆ, ನಮ್ಮ ಕಟ್ಟೆಯ ಮೇಲೆ ಪಂಚಾಯಿತಿ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬಂದು ಒಂದೇ ಕಪ್ಪಿನ ಚಹಾ ಹಂಚಿಕೊಂಡು ಕುಡಿದರು. ಅತ್ತೆ ಸೊಸೆ ಇಬ್ಬರು ಅತ್ತುಕೊಂಡು ಒಂದಾದರು, ಯಾರು ಮೊದಲು ಮಾಫಿ ಕೇಳಿದ್ದು ಎಂಬ ವಿಷಯಕ್ಕೆ ಅಲ್ಲೇ ಮತ್ತೆ ಜಗಳವಾಡಿದರು, ಮತ್ತೆ ಒಂದಾದರು. ಮುಂದಿನ ಭೋಜನಕ್ಕೆ ಚರ್ಚು ತುಂಬಿತು. ನಮ್ಮವರು ಗೆದ್ದ ಪೈಲವಾನನ ಹಾಗೆ ನಿಂತಿದ್ದರು.

ಆಗಲೂ ಒಬ್ಬಳು ಎದ್ದು ಹೊರಗೆ ಹೋದಳು. ಆಕೆಯೇ ರೂತಮ್ಮ.

ನಲವತ್ತರ ಹೆಂಗಸು, ತೆಳ್ಳಗೆ, ನಡಿಗೆ ಚುರುಕು. ಹಾಡಿಗೆ ಆಕೆಯದೇ ದೊಡ್ಡ ದನಿ. ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬರುವವಳು, ಚರ್ಚಿನ ನೆಲ ಸಾರಿಸುವವಳು. ಅಂಥವಳು ಭೋಜನದ ಹೊತ್ತಿಗೆ ಮಾತ್ರ ಹೊರಗೆ ಬೇವಿನ ಗಿಡದ ಕೆಳಗೆ ಕೂತು, ಹಟ ಮಾಡುವ ಚಿಕ್ಕ ಮಕ್ಕಳನ್ನು ಆಡಿಸುತ್ತಿದ್ದಳು. ಕೆಲವು ವರ್ಷಗಳಿಂದ ಹೀಗೇ ಎಂದು ಹಿರಿಯರು ಹೇಳಿದರು. ಹಿಂದಿನ ಅಯ್ಯನವರು ಕೇಳಿದರಂತೆ, ಗದರಿಸಿದರಂತೆ, ಬಿಟ್ಟರಂತೆ. ನಮ್ಮವರಿಗೆ ಇದು ಕಾಲಲ್ಲಿ ಮುರಿದ ಮುಳ್ಳಾಯಿತು. ಊರೆಲ್ಲ ಉಣ್ಣುವಾಗ ಒಬ್ಬಳು ಹೊರಗೆ ಕೂತರೆ ಬಡಿಸುವವನಿಗೆ ಹೇಗೆ ಸಮಾಧಾನವಾದೀತು?

ನನಗೂ ರೂತಮ್ಮನಿಗೂ ಸ್ನೇಹ ಬೆಳೆದದ್ದು ಬಾಳೆಹಣ್ಣಿನಿಂದ. ಮಹಾಗಾಂವ ರಸ್ತೆಯ ಬದಿಗೆ ಆಕೆಗೂ ಗಂಡ ದಾನಪ್ಪನಿಗೂ ಸಣ್ಣದೊಂದು ಕೆಂಪು ಬಾಳೆಯ ತೋಟವಿತ್ತು. ಮಾವನ ಕಾಲದಲ್ಲಿ ಕೊಂಡ ಹೊಲ. ಬಾವಿ ಮಾತ್ರ ಪಕ್ಕದ ಶರಣಮ್ಮನ ಮನೆಯವರದು. ಶರಣಮ್ಮನ ಮಾವ ಒಳ್ಳೆಯವರು, ಒಂದು ದಿನ ನಿಮಗೆ ನೀರು, ಒಂದು ದಿನ ನಮಗೆ ಎಂದು ಪಾಳಿ ಮಾಡಿಕೊಟ್ಟಿದ್ದರು. ಮೋಟಾರು ಒಂದೇ, ಪೈಪಿನಲ್ಲಿ ಒಂದು ವಾಲ್ವು. ಈ ಕಡೆ ತಿರುಗಿಸಿದರೆ ಇವರ ಹೊಲ, ಆ ಕಡೆ ತಿರುಗಿಸಿದರೆ ಅವರ ಹೊಲ. ಕಾಗದಪತ್ರ ಏನೂ ಇಲ್ಲ, ಬಾಯಿಮಾತಿನ ಮೇಲೆ ನಡೆದುಕೊಂಡು ಬಂದದ್ದು. ಶರಣಮ್ಮ ಗಟ್ಟಿ ಹೆಂಗಸು, ಹಣೆತುಂಬ ವಿಭೂತಿ, ಮಾತು ಸ್ವಲ್ಪ ಜೋರು. ಹಬ್ಬ ಬಂದರೆ ರೂತಮ್ಮನ ಮನೆಗೆ ಹೋಳಿಗೆ ಕಳಿಸದೆ ತಾನು ಉಣ್ಣುವವಳಲ್ಲ. ಆ ಹೋಳಿಗೆ ಬಂದ ದಿನ ರೂತಮ್ಮ ಮಂಕಾಗಿರುತ್ತಿದ್ದಳು. ನನಗೆ ಅದು ವಿಚಿತ್ರವೆನಿಸುತ್ತಿತ್ತು, ಹೋಳಿಗೆ ತಿಂದು ಮಂಕಾಗುವವರನ್ನು ನಾನು ಮೊದಲು ಕಂಡಿರಲಿಲ್ಲ.

ಚಳಿಗಾಲ ಬಂತು. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿ, ಕಾಯಿ ಕಟ್ಟಿತು. ಒಂದು ಮುಂಜಾನೆ ತೋಟದಲ್ಲಿ ನಾವಿಬ್ಬರೂ ಹಸಿ ತೊಗರಿಕಾಯಿ ಬಿಡಿಸುತ್ತ ಕೂತಿದ್ದೆವು. ಕೇಳಬಾರದೆಂದುಕೊಂಡಿದ್ದೆ, ಆದರೆ ಬಾಯಿಯ ಮೇಲೆ ನನಗೆ ಎಂದೂ ಹತೋಟಿ ಇಲ್ಲ.

"ರೂತಮ್ಮಕ್ಕ, ನೀವು ಯಾಕ ಹೊರಗ ಹೋಗ್ತೀರಿ?"

ಆಕೆ ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಹೇಳಿದಳು. ಕೆಲವು ವರ್ಷಗಳ ಹಿಂದಿನ ಬೇಸಿಗೆ. ಬಾವಿ ತಳ ಕಂಡಿತ್ತು. ಇವರ ಬಾಳೆ ಗೊನೆ ಹಾಕಿತ್ತು. ಶರಣಮ್ಮನ ಮನೆಯವರು ಬೀಗರ ಕಡೆಯ ಮದುವೆಗೆ ಹೋದರು. ಹೋಗುವ ಮುಂಚೆ ಸ್ಟಾರ್ಟರನ್ನು ಆಟೊಗೆ ಹಾಕಿ, ವಾಲ್ವು ತಮ್ಮ ಕಡೆ ತಿರುಗಿಸಿ ಹೋಗಿದ್ದರು, ಕರೆಂಟು ಬಂದಾಗ ತಾನೇ ಮೋಟಾರು ಶುರುವಾಗಿ ಅವರ ಗಿಡಕ್ಕೆ ನೀರು ಹೋಗಲಿ ಎಂದು. ಅವರ ಪಾಳಿಯ ದಿನಗಳಲ್ಲೂ ರೂತಮ್ಮ ವಾಲ್ವನ್ನು ತನ್ನ ಕಡೆಗೇ ತಿರುಗಿಸಿಟ್ಟಳು. ಅವರು ಬರುವ ದಿನ ಮತ್ತೆ ಮೊದಲಿನ ಹಾಗೆ ಇಟ್ಟಳು. ಆ ಬೇಸಿಗೆ ಶರಣಮ್ಮನ ಬಾಳೆ ಸೊರಗಿ, ಕಾಯಿ ಬೆರಳಿನ ಗಾತ್ರಕ್ಕೇ ನಿಂತುಹೋಯಿತು. ರೂತಮ್ಮನ ಗೊನೆ ತುಂಬಿ ಬಂದವು.

"ಯಾರಿಗೂ ಗೊತ್ತಿಲ್ರಿ ಅಮ್ಮೋರ. ದಾನಪ್ಪಗ ಅಷ್ಟ ಗೊತ್ತದ. ಮುಂದ ಭೋಜನಕ್ಕ ಹೋದಾಗ ಕೈ ಚಾಚಬೇಕಂದ್ರ ಆ ವಾಲ್ವು ತಿರುವಿದ್ದ ಕೈನೇ ಕಾಣ್ತು."

ನಾನು ಮನೆಗೆ ಬಂದು, ರೂತಮ್ಮನ ಒಪ್ಪಿಗೆಯ ಮೇಲೆಯೇ, ನಮ್ಮವರಿಗೆ ಹೇಳಿದೆ. ಇವರಿಗೆ ಬಹಳ ಹಗುರಾಯಿತು. ಇಷ್ಟೇ ತಾನೆ! ಸಂಜೆಯೇ ಹೋಗಿ, ದೇವರು ಕ್ಷಮಿಸುತ್ತಾನೆ, ಕ್ರಿಸ್ತನ ನೀತಿಯನ್ನೇ ನಮಗೆ ವಸ್ತ್ರದಂತೆ ತೊಡಿಸುತ್ತಾನೆ, ಅದು ನಾವು ಗಳಿಸುವಂಥದ್ದಲ್ಲ ಎಂದು ಚೆನ್ನಾಗಿಯೇ ವಿವರಿಸಿದರು. ರೂತಮ್ಮ ತಲೆಬಾಗಿಸಿ ಕೇಳಿದಳು.

"ದೇವ್ರು ಮಾಫಿ ಮಾಡ್ಯಾನ್ರಿ ಅಯ್ಯೋರ, ಅದರಾಗ ನನಗ ಶಕ್ ಇಲ್ಲ. ಮಾಫಿ ಸಾಲದಂತಲ್ಲ. ನಾ ಸರಿ ಆಗಬೇಕಾಗ್ಯದ. ಹೊಸ ಅರಬಿ ಕೊಟ್ಟಾನ, ಖರೇ. ಮೈ ತೊಳಕೊಳ್ಳಲಾರದ ಅದನ್ನ ಹ್ಯಾಂಗ ಉಟ್ಕೊಳ್ಲಿ?"

ದಾನಪ್ಪ ಬಾಗಿಲಲ್ಲಿ ನಿಂತಿದ್ದ. ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ.

"ಅಕಿ ಹೇಳೋದು ಬರೊಬ್ಬರಿ ಅದರಿ. ಆದ್ರ ಬಾವಿ ಬಾಯಿಮಾತಿನ ಮ್ಯಾಲ ನಡದದ. ನಾಳಿ ಅವ್ರು ನಿಮ್ಮ ಮಾತಿಗಿ ಕಿಮ್ಮತ್ತಿಲ್ಲ, ಪಾಳಿ ಬಂದ್ ಅಂದ್ರ ತೋಟ ಹೋತು. ಮಕ್ಕಳ ಸಾಲಿ ಅದರ ಮ್ಯಾಲೇ ನಡದದ."

ಅಂದು ನನಗೆ ಅರ್ಥವಾದದ್ದಿಷ್ಟು: ರೂತಮ್ಮನಿಗೆ ತೋಟವೂ ಬೇಕು, ಗಂಡನ ನೆಮ್ಮದಿಯೂ ಬೇಕು, ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನೆಟ್ಟಗಿರುವುದು ಬೇಕು. ನೀತಿಗಾಗಿ ಹಸಿದು ಬಾಯಾರಿದವರು ಧನ್ಯರು ಎಂಬ ಯೇಸುವಿನ ಮಾತನ್ನು ನಾನು ಭಾನುವಾರ ಶಾಲೆಯಲ್ಲೇ ಬಾಯಿಪಾಠ ಮಾಡಿ ಬಹುಮಾನ ಪಡೆದವಳು. ಹಸಿದವರನ್ನು ಕಣ್ಣಾರೆ ಕಂಡದ್ದು ಆಗಲೇ. ಆಕೆಯ ಮೇಲೆ ನನಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ತೊಗರಿ ರಾಶಿಯ ಕಾಲಕ್ಕೆ ದಾನಪ್ಪನೇ ಒಂದು ದಿನ, "ಹೋಗಿ ಹೇಳಿ ಬಾ. ನೀ ಹಿಂಗ ಬಾಡೋದು ನನಗ ನೋಡಾಕ ಆಗವಲ್ದು" ಎಂದ. ರೂತಮ್ಮ ನನ್ನನ್ನು ಜೊತೆಗೆ ಕರೆದಳು. ಶರಣಮ್ಮ ಕಣದಲ್ಲಿ ಮೊರ ಹಿಡಿದು ತೊಗರಿ ತೂರುತ್ತಿದ್ದಳು, ಹೊಟ್ಟು ಗಾಳಿಗೆ ಹಾರಿ ನಮ್ಮ ಮೈಮೇಲೆಲ್ಲ ಬೀಳುತ್ತಿತ್ತು. ರೂತಮ್ಮ ಕೂರಲಿಲ್ಲ, ನಿಂತೇ ಎಲ್ಲ ಹೇಳಿದಳು. ಶರಣಮ್ಮನ ಮೊರ ನಿಂತಿತು.

"ಎಷ್ಟ ವರ್ಷ ನನ್ನ ಕೈಯಾಗಿನ ಹೋಳಿಗಿ ತಿಂದಿ, ಹೇಳ್ಲಾರದೆ?"

"ಅದಕ್ಕೇ ಗಂಟಲದಾಗ ಇಳೀತಿದ್ದಿಲ್ರಿ ಅಕ್ಕಾ."

"ನಮ್ಮ ಮಾವ ಸ್ಟಾರ್ಟರ್ ಕೆಟ್ಟದಂತ ಮೆಹಬೂಬಗ ಎಷ್ಟ ಬೈದಾನ ಗೊತ್ತೇನು? ಅವನೇ ರಿಪೇರಿ ಮಾಡಿದ್ದ. ಆವತ್ತಿಂದ ಅವನಿಗಿ ನಮ್ಮ ಹೊಲಕ್ಕ ಕರದಿಲ್ಲ!"

ಇದು ರೂತಮ್ಮನಿಗೆ ಗೊತ್ತಿರಲಿಲ್ಲ. ಶರಣಮ್ಮ ಸಿಟ್ಟಿನಿಂದ ಮೊರವನ್ನು ಒಮ್ಮೆ ನೆಲಕ್ಕೆ ಕುಕ್ಕಿದಳು, ತೂರಿದಳು, ಮತ್ತೆ ನಿಲ್ಲಿಸಿದಳು. ಪಾಳಿ ಬಂದ್ ಎನ್ನುತ್ತಾಳೆಂದೇ ನಾನು ಅಂದುಕೊಂಡೆ.

"ಬಾವಿ ನಿಮಗ ನಮ್ಮ ಮಾವ ಕೊಟ್ಟಾನ, ಅದನ್ನ ಕಸಗೊಳ್ಳಾಕ ನಾ ಯಾರು? ಆದ್ರ ಈ ಬ್ಯಾಸಗಿಗಿ ನಿಮ್ಮ ಪಾಳಿ ನಮಗ ಬೇಕು. ಬಿಸಲು ಜೋರ ಇದ್ದಾಗ. ಆತೇನು?"

"ಆತ್ರಿ!" ಎಂದಳು ರೂತಮ್ಮ. ಯಾರೋ ಸೀರೆ ಉಡುಗೊರೆ ಕೊಟ್ಟ ಹಾಗೆ ಅವಳ ಮುಖ ಅರಳಿತು. ಶಿಕ್ಷೆ ಸಿಕ್ಕಿದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಶರಣಮ್ಮನೂ ನೋಡಿರಲಿಲ್ಲವೇನೋ, ಅನುಮಾನದಿಂದ ನನ್ನ ಮುಖ ನೋಡಿದಳು.

ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿನ ಹತ್ತಿರದ ಮೋಟಾರು ರಿಪೇರಿ ಅಂಗಡಿಗೆ. ಮೆಹಬೂಬ್ ಚಾಚಾ ತಾಮ್ರದ ತಂತಿ ಸುತ್ತುತ್ತ ಕೂತಿದ್ದರು. ಅಂಗಡಿಯ ಮುಂದೆ ಸಂತೆಯ ಮಂದಿ ತುಂಬಿದ್ದರು. ರೂತಮ್ಮ ಅವರೆಲ್ಲರ ಮುಂದೆಯೇ ಹೇಳಿದಳು. ಚಾಚಾ ಕನ್ನಡಕ ತೆಗೆದರು.

"ಅರೆ ಅಲ್ಲಾ! ಅಂದ್ರ ಆ ಸ್ಟಾರ್ಟರ್ ನಾ ಛಲೋನೇ ಮಾಡಿದ್ನಲ್ಲ? ಆವತ್ತಿಂದ ನನ್ನ ಕೈ ಮ್ಯಾಲೆ ನನಗೇ ಶಕ್ ಬಂದಿತ್ತು ಬೇಟಿ. ಬಸ್, ನನಗ ಇಷ್ಟ ಬೇಕಿತ್ತು. ಹೋಗು, ಖುದಾ ನಿನಗ ಛಲೋ ಇಡ್ಲಿ."

ಅದೇ ವಾರ ಶರಣಮ್ಮ ಚಾಚಾರನ್ನು ಹೊಲಕ್ಕೆ ಕರೆಸಿದಳು, ಮಾವನ ಪರವಾಗಿ ಮಾಫಿ ಕೇಳಿದಳಂತೆ. ಸರಿಮಾಡುವುದು ನಮ್ಮ ಚರ್ಚಿನ ಗೋಡೆ ದಾಟಿ ಊರಿಗೇ ಹಬ್ಬಿಬಿಟ್ಟಿದೆ ಎಂದು ನಮ್ಮವರು ಹಿಗ್ಗಿದರು. ಸುಗ್ಗಿ ಹಬ್ಬದ ಭಾನುವಾರಕ್ಕೆ ರೂತಮ್ಮ ಒಳಗಿರುವುದು ಖಾತ್ರಿ ಎಂದು ನಾನು ಎರಡು ಹಿಡಿ ಒಣದ್ರಾಕ್ಷಿ ಹೆಚ್ಚೇ ನೆನೆಹಾಕಿದೆ.

ಹಬ್ಬಕ್ಕೆ ಚರ್ಚು ಜೋಳದ ತೆನೆ, ಕುಂಬಳಕಾಯಿ, ತೊಗರಿ ಗಿಡಗಳಿಂದ ತುಂಬಿತ್ತು. ರೂತಮ್ಮ ತನ್ನ ತೋಟದ ಮೊದಲ ಕೆಂಪು ಗೊನೆಯನ್ನು ಹೊತ್ತು ತಂದು ಮೇಜಿನ ಮುಂದೆ ಇಟ್ಟಳು. ಭೋಜನಕ್ಕೆ ಕರೆದಾಗ ಎದ್ದು ಹೊರಗೆ ಹೋದಳು.

ನಮ್ಮವರಿಗೆ ಮೊದಲ ಸಲ ಸಿಟ್ಟು ಬಂತು. ಆರಾಧನೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೇ ಹೋಗಿ ಕೇಳಿದರು. "ಇನ್ನೇನು ಉಳದದ ರೂತಮ್ಮ?"

"ಬ್ಯಾಸಗಿ ಇನ್ನಾ ಬಂದಿಲ್ಲಲ್ರಿ ಅಯ್ಯೋರ. ಮಾತು ಕೊಟ್ಟೀನಿ, ನೀರು ಕೊಟ್ಟಿಲ್ಲ."

ಬೇಸಿಗೆ ಬಂತು. ಕಲಬುರಗಿ ಸೀಮೆಯ ಬೇಸಿಗೆಯನ್ನು ನಾನು ಬಣ್ಣಿಸುವುದಿಲ್ಲ, ಕಂಡವರಿಗೆ ಬೇಕಿಲ್ಲ, ಕಾಣದವರು ನಂಬುವುದಿಲ್ಲ. ರೂತಮ್ಮ ತನ್ನ ಪಾಳಿಯ ದಿನಗಳಲ್ಲೂ ವಾಲ್ವನ್ನು ಶರಣಮ್ಮನ ಕಡೆ ತಿರುಗಿಸಿ ಬರುತ್ತಿದ್ದಳು. ತನ್ನ ಗಿಡಗಳಿಗೆ ಊರಿನ ನಳದಿಂದ ಕೊಡದಲ್ಲಿ ನೀರು ಹೊತ್ತಳು, ದಾನಪ್ಪನೂ ಹೊತ್ತ, ಕೆಲವು ದಿನ ನಾನೂ ಹೊತ್ತೆ. ಎಲೆಗಳು ಅಂಚಿನಲ್ಲಿ ಸುಡತೊಡಗಿದವು. ಅದನ್ನು ಕಂಡ ಶರಣಮ್ಮನಿಗೆ ತಡೆಯಲಾಗಲಿಲ್ಲ, ವಾಲ್ವನ್ನು ರೂತಮ್ಮನ ಕಡೆ ತಿರುಗಿಸಿದಳು. ರೂತಮ್ಮ ಓಡಿ ಹೋಗಿ ಅದನ್ನು ಮತ್ತೆ ಶರಣಮ್ಮನ ಕಡೆಗೆ ತಿರುಗಿಸಿದಳು.

"ಸಾಕ ಬಿಡ ಏ ರೂತಿ, ಗಿಡ ಸಾಯ್ತಾವ!"

"ಮಾತಂದ್ರ ಮಾತ್ರಿ ಅಕ್ಕಾ, ಕೈ ತಗೀರಿ!"

ಊರಲ್ಲಿ ನೀರು ತನಗೆ ಬೇಕೆಂದು ಜಗಳವಾಡುವವರನ್ನು ಎಲ್ಲರೂ ಕಂಡಿದ್ದರು. ನೀರು ನಿನಗೇ ಇರಲಿ ಎಂದು ಇಬ್ಬರು ಹೆಂಗಸರು ಬಾವಿಯ ಮೇಲೆ ಬಾಯಿಮಾಡುವುದನ್ನು ನೋಡಲು ಮಂದಿ ಬೈಕು ನಿಲ್ಲಿಸುತ್ತಿದ್ದರು. ಕೊನೆಗೆ ರೂತಮ್ಮನೇ ಗೆದ್ದಳು. ಮೊದಲ ಅಡ್ಡಮಳೆ ಬೀಳುವವರೆಗೆ ನೀರು ಶರಣಮ್ಮನ ಕಡೆಗೇ ಹರಿಯಿತು. ರೂತಮ್ಮನ ತೋಟದಲ್ಲಿ ಕೆಲವು ಗಿಡ ಹೋದವು, ಬಹಳಷ್ಟು ಉಳಿದವು. ದಾನಪ್ಪ ಸತ್ತ ಗಿಡ ಕಡಿದು ಹಾಕುತ್ತ ಹಾಡು ಗುನುಗುತ್ತಿದ್ದ.

ಅಷ್ಟರಲ್ಲಿ ನಮಗೆ ಮತ್ತೆ ಕಲಬುರಗಿಗೆ ವರ್ಗವಾಯಿತು. ನಾವು ಹೊರಡುವ ಮುಂಚಿನ ಭಾನುವಾರ ಭೋಜನವೂ ಇತ್ತು, ಆಮೇಲೆ ನಮಗೆ ಬೀಳ್ಕೊಡುವ ಊಟವೂ ಇತ್ತು. ಊಟಕ್ಕೆ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದರು. ಶರಣಮ್ಮ ಹುಗ್ಗಿ ಮಾಡುವವರಿಗೆ ಬುದ್ಧಿ ಹೇಳಲೆಂದು ಮೊದಲೇ ಬಂದು, ಒಳಗೆ ಆರಾಧನೆ ನಡೆದಿದೆಯೆಂದು ಚರ್ಚಿನ ಹೊಸ್ತಿಲ ಮೇಲೆ ಕೂತಿದ್ದಳು. ನಮ್ಮವರು ಈ ಸಲ ಪುಸ್ತಕದ ಮಾತುಗಳನ್ನು ಓದಿ ಸುಮ್ಮನಾದರು, ತಮ್ಮದೇನನ್ನೂ ಸೇರಿಸಲಿಲ್ಲ. ರೂತಮ್ಮ ಎದ್ದಳು. ಬಾಗಿಲ ಕಡೆ ನಡೆದಳು.

ಶರಣಮ್ಮ ಹೊಸ್ತಿಲು ಬಿಟ್ಟು ಜರುಗಲಿಲ್ಲ.

"ಎಲ್ಲಿಗಿ ಹೊಂಟಿ?"

"ಹೊರಗ್ರಿ ಅಕ್ಕಾ."

"ಯಾಕ? ನಂದು ನಿಂದು ಮುಗೀತಲ್ಲ."

"ನಿಮ್ಮದು ಮುಗೀತ್ರಿ." ಎಂದಳು ರೂತಮ್ಮ. "ಅದು ಮುಗದ್ರ ನಾ ಸರಿ ಆಗ್ತೀನಂತ ತಿಳಕೊಂಡಿದ್ದೆ. ಆಗಿಲ್ರಿ. ಒಳಗ ಇನ್ನಾ ಏನೇನೊ ಅದ. ಒಂದ ತೊಳದ್ರ ಇನ್ನೊಂದ ಕಾಣ್ತದ."

ಶರಣಮ್ಮ ಅವಳನ್ನೇ ನೋಡಿದಳು. "ಮುಂಜಾನಿಂದ ಏನರ ತಿಂದೀ?"

ಕರ್ತನ ಭೋಜನದ ದಿನ ನಮ್ಮ ಸಭೆಯ ಹೆಂಗಸರು ಬೆಳಿಗ್ಗೆ ಏನನ್ನೂ ತಿನ್ನುವುದಿಲ್ಲ. ಹೊರಗೆ ಕೂರುವ ರೂತಮ್ಮನೂ ಇಷ್ಟು ವರ್ಷ ಪ್ರತಿ ಸಲ ಉಪವಾಸವಿದ್ದೇ ಬರುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗ. ಪಕ್ಕದ ಹೊಲದ ಶರಣಮ್ಮನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

"ಇಲ್ರಿ."

"ಹಂಗಾರ ಒಳಗ ನಡಿ. ಉಣ್ಣಾಕ ಕರ್ಯಾಕತ್ತಾರ. ಹೊಟ್ಟಿ ತುಂಬಿದವ್ರಿಗಿ ಯಾರರ ಎಲಿ ಹಾಕ್ತಾರೇನು?"

ರೂತಮ್ಮ ಹೊಸ್ತಿಲಿನಿಂದ ಒಳಕ್ಕೆ ತಿರುಗಿದಳು. ಸಾಲಿನ ತುದಿಯಲ್ಲಿ ಮೊಣಕಾಲೂರಿ ಎರಡೂ ಕೈ ಚಾಚಿದಳು. ನಮ್ಮವರು ಯಾವಾಗಲೂ ಚಿಟಿಕೆಯಷ್ಟು ರೊಟ್ಟಿ ಮುರಿದು ಕೊಡುವವರು. ಅಂದು ದೊಡ್ಡ ತುಂಡನ್ನೇ ಮುರಿದು ಆಕೆಯ ಅಂಗೈಯಲ್ಲಿಟ್ಟರು. ಹೊಲದಿಂದ ದಣಿದು ಬಂದವರು ಉಣ್ಣುವ ಹಾಗೆ ರೂತಮ್ಮ ಅದನ್ನು ಅಗಿದು ಅಗಿದು, ಒಂದು ಚೂರೂ ಬಿಡದೆ ತಿಂದಳು. ಬಾಗಿಲಲ್ಲಿ ಶರಣಮ್ಮ ಎದ್ದು ನಿಂತು, ಆಕೆ ತಿಂದು ಮುಗಿಸುವವರೆಗೂ ನೋಡುತ್ತಿದ್ದಳು.